ಸಂಕದ ಆಚೆ ಅಕ್ಕ

ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಆರು ತಿಂಗಳು ನಾನು ಸಂಕ ದಾಟಲಿಲ್ಲ. ಸಂಕವೆಂದರೆ ನೀರು ಹರಿಯುವ ನಮ್ಮ ತೋಡಿಗೆ ಅಡ್ಡ ಹಾಕಿದ ಎರಡು ತೆಂಗಿನ ಮರ, ಹಿಡಿದುಕೊಳ್ಳಲು ಒಂದು ಬದಿಗೆ ಬಿದಿರು. ಈಚೆ ನಾನೊಬ್ಬಳೇ ಇರುವ ಮನೆ, ಆಚೆ ಅಕ್ಕನದು. ರಿಕ್ಷಾ ಮಾಡಿಕೊಂಡು ಕೋಟ ಪೇಟೆ ಸುತ್ತಿ ಹೋಗಬಹುದಿತ್ತು. ಆದರೆ ಅಕ್ಕನ ಮನೆಗೆ ನೆಂಟರ ಹಾಗೆ ರಿಕ್ಷಾದಲ್ಲಿ ಇಳಿಯುವುದೇ? ನನ್ನ ಹಟ ನನಗೆ.

ಮೂಳೆಗೆ ಏನೂ ಆಗಿರಲಿಲ್ಲ. ಆದರೂ ಕಾಲಿಗೆ ನೆಲದ ಮೇಲಿನ ನಂಬಿಕೆ ಹೋಗಿತ್ತು. ಕುಂದಾಪುರದಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿಯೊಬ್ಬಳು, ಹಿಂದಿನ ಪಾದದ ಬೆರಳಿಗೆ ಮುಂದಿನದರ ಹಿಮ್ಮಡಿ ತಾಗಿಸಿ ನಡೆಯಲು ಹೇಳಿದಳು. ಅಡುಗೆ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲಬೇಕಂತೆ. ಎಪ್ಪತ್ತೊಂದಕ್ಕೆ ನಡಿಗೆ ಕಲಿಯುವ ಗ್ರಹಚಾರ! ಆದರೂ ದಿನಾ ಗಂಜಿ ಬೇಯುವಷ್ಟು ಹೊತ್ತು ಮಾಡಿದೆ.

"ಅಮ್ಮ, ಕಾಲ್ ಕಾಂಬುಕಾಗ, ಎದ್ರು ಕಾಣಿ" ಎಂದಿದ್ದಳು ಆ ಹುಡುಗಿ. ಕಾಲು ನೋಡದೆ ಎದುರು ನೋಡುವುದನ್ನು ಅಕ್ಕ ಎಂದೋ ಕಲಿಸಿದ್ದಳು. ಶಾಲೆಗೆ ಹೋಗುವಾಗ ತಾನು ಮೊದಲು ದಾಟಿ, ಆಚೆ ದಡದಲ್ಲಿ ನಿಂತು ಕೂಗುತ್ತಿದ್ದಳು: "ನೀರ್ ಕಾಂಬುಕಾಗ ಹೆಣೆ, ನನ್ನ್ ಕಾಣ್!" ನಮ್ಮಲ್ಲಿ ಮಕ್ಕಳನ್ನು ಸಂಕ ದಾಟಿಸುವುದೇ ಹಾಗೆ.

ಈ ಆರು ತಿಂಗಳೂ ಅವಳು ಸಂಜೆ ಆಚೆ ದಡಕ್ಕೆ ಬಂದು ಕರೆಯುತ್ತಿದ್ದಳು.

"ಹ್ವಾಯ್, ಎಂತ ಮಾಡ್ತೆ? ಬಪ್ಪುದ್ ಯಾವಾಗ?"

"ಬತ್ತೆ, ಬತ್ತೆ" ಎಂದು ನಾನು ಅಂಗಳದಿಂದಲೇ ಕೂಗುತ್ತಿದ್ದೆ. ನೀನೇ ಬಾ ಅಂದರೆ ಮೊಣಕಾಲು ನೋವು ಎನ್ನುತ್ತಿದ್ದಳು. ಅವಳ ಜಗಲಿಯಲ್ಲಿ ಕುಳಿತು, ಒಂದೇ ವೀಳ್ಯದೆಲೆ ಹರಿದು ಹಂಚಿಕೊಂಡು ಕವಳ ಹಾಕಲು ನನ್ನ ಜೀವ ಹಾತೊರೆಯುತ್ತಿತ್ತು.

ಮಳೆಗಾಲ ಮುಗಿದು ಹೊಸ ಬಿದಿರು ಕಟ್ಟಿದ ಮೇಲೆ ಒಂದು ಸಂಜೆ ಹೊರಟೇಬಿಟ್ಟೆ. "ಬಂದೆ ಅಕ್ಕಾ" ಎಂದೆ. ಅವಳು ಹಳೆಯ ಮಾತನ್ನೇ ಕೂಗಿದಳು: "ನನ್ನ್ ಕಾಣ್!" ಬಿದಿರು ಹಿಡಿದು, ಬೆರಳಿಗೆ ಹಿಮ್ಮಡಿ ತಾಗಿಸುತ್ತಾ, ಅವಳ ಮುಖವನ್ನೇ ನೋಡುತ್ತಾ ನಡೆದೆ. ಇನ್ನೇನು ದಡ ಹತ್ತಿರವಾಗುವಾಗ ಅವಳು ಕೈ ಚಾಚಿದಳು. ಆ ಕೈ ಪಕ್ಕದ ಕೇದಗೆ ಪೊದೆಯ ಕಡೆಗಿತ್ತು. ಅವಳ ಕಣ್ಣಿಗೆ ನಾನು ಕಾಣುತ್ತಿರಲಿಲ್ಲ.

ಮೊಣಕಾಲು ನೋವಿನ ಸುಳ್ಳು ಆಗ ತಿಳಿಯಿತು. ರಿಕ್ಷಾ ಹತ್ತದ ನನ್ನ ಹಟಕ್ಕೆ ನನಗೇ ಹೇಸಿಗೆಯಾಯಿತು. ದಡ ಮುಟ್ಟಿ ಆ ಕೈ ಹಿಡಿದೆ. ಅವಳು ನನ್ನ ಕೆನ್ನೆ ಸವರಿ, "ಸಪೂರ ಆಯ್ದೆ ಅಲ್ದಾ ಹೆಣೆ?" ಎಂದಳು.

ಜಗಲಿಯ ಮೆಟ್ಟಿಲನ್ನು ಈ ಸಲ ನಾನು ಮೊದಲು ಹತ್ತಿದೆ. ತಿರುಗಿ ನಿಂತು "ನನ್ನ್ ಕಾಣ್" ಎನ್ನಲು ಹೋದವಳು, ಮಾತು ನುಂಗಿಕೊಂಡು ಕೈ ಕೊಟ್ಟೆ.