ಕೊಲೆ ಪುಸ್ತಕಕ್ಕೆ ಹೂ ಕೇಳಿದ್ದು

ಆಗ ನನಗೆ ಅರವತ್ತಾರು. ನಾಲ್ಕು ವರ್ಷದ ಹಿಂದಿನ ಮಾತು. ರಾಯದುರ್ಗದಲ್ಲಿ ಬೇಸಿಗೆ ಶುರುವಾದರೆ ನನ್ನ ಸೊಸೆಗೆ ಒಂದು ಹುಚ್ಚು ಹಿಡಿಯುತ್ತದೆ. ಅದರ ಹಿಂದಿನ ವರ್ಷ ಎಲ್ಲರಿಗೂ ಹಾಗಲಕಾಯಿ ರಸ ಕುಡಿಸಿದ್ದಳು. ಆ ವರ್ಷ, ಶಾಲೆ ರಜೆ ಮುಗಿಯುವುದರೊಳಗೆ ಮನೆಯವರೆಲ್ಲ ಒಂದೊಂದು ಪುಸ್ತಕ ಓದಿ ಮುಗಿಸಬೇಕು, ಯಾವುದು ಅಂತ ಅವರವರೇ ಆರಿಸಿಕೊಳ್ಳಬೇಕು ಎಂದು ಅಪ್ಪಣೆಯಾಯಿತು. ಮಗ ಅಂಗಡಿಯಲ್ಲಿ ಎಲ್ಲಕ್ಕಿಂತ ತೆಳ್ಳಗಿದ್ದುದನ್ನು ತಂದ. ಮೊಮ್ಮಗಳು ದಪ್ಪನೆಯ ಇಂಗ್ಲಿಷ್ ಪುಸ್ತಕ ತಂದು ಅದರ ಜೊತೆ ಫೋಟೊ ತೆಗೆಸಿಕೊಂಡಳು. ಅಲ್ಲಿಗೆ ಅವಳ ಓದು ಮುಗಿಯಿತು.

ನನಗೆ ಮಾತ್ರ ಆರಿಸುವ ಕಷ್ಟ ಕೊಡಲಿಲ್ಲ. ಸೊಸೆಯೇ ಪುರಾಣದ ಪುಸ್ತಕ ತಂದು, ಅರಿಶಿನ ಕುಂಕುಮ ಹಚ್ಚಿ ಕೈಗಿಟ್ಟಳು.

ನಾನು ಆಗಲೇ ಬೇರೆಯದು ತಂದಿಟ್ಟುಕೊಂಡಿದ್ದೆ. ಕಣ್ಣಿನ ಆಪರೇಷನ್ ಆದಮೇಲೆ ತೋರಿಸಲು ಬಳ್ಳಾರಿಗೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಕೊಲೆ ಕಥೆ. ನಾನು ಕಲಿತದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಹುಟ್ಟಿದಾಗಿನಿಂದ ಒಂದು ಪುಸ್ತಕವನ್ನೂ ಕೊನೆ ಮುಟ್ಟಿಸಿದವಳಲ್ಲ. ಇನ್ನು ಮುಟ್ಟಿಸಿದರೆ ಒಂದೇ. ಆ ಒಂದರ ಕೊನೆ ನನಗೆ ಮೊದಲೇ ಗೊತ್ತಿರಬಾರದು. ಪುರಾಣದಲ್ಲಿ ಯಾರು ಸಾಯುತ್ತಾರೆಂದು ತೊಟ್ಟಿಲಲ್ಲೇ ಕೇಳಿದ್ದೇನೆ.

"ಅತ್ತಿ, ಈ ವಯಸ್ಸಿನಾಗ ಕೊಲಿ ಪುಸ್ತಕ ಏನ್ ಚಂದ ರೀ? ಪುರಾಣ ಓದ್ರಿ, ಪುಣ್ಯ ಬರ್ತದ," ಎಂದಳು ಸೊಸೆ.

"ಪುರಾಣದಾಗ ಕೊಲಿ ಇಲ್ಲೇನು? ರಾಶಿ ರಾಶಿ ತಲಿ ಬೀಳ್ತಾವ."

"ಅವು ದೇವ್ರು ಮಾಡಿದ್ವು."

"ಅದಕ್ಕ ಯಾರೂ ಸಿಕ್ಕಿ ಬೀಳಂಗಿಲ್ಲ. ನನಗ ಸಿಕ್ಕಿ ಬೀಳೋದು ಬೇಕು."

ಅವಳು ಡಿಗ್ರಿ ಓದಿದವಳು. ಮಾತಿನಲ್ಲಿ ಸೋತರೆ ದೇವರ ಹತ್ತಿರ ಹೋಗುತ್ತಾಳೆ. ಹೂ ಕೇಳೋಣ ಎಂದಳು. ನಮ್ಮ ಓಣಿಯ ಹನುಮಪ್ಪನ ಗುಡಿಯಲ್ಲಿ ಪೂಜಾರಿ ದೇವರ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾನೆ. ಮನಸ್ಸಿನಲ್ಲಿ ಕೇಳಿಕೊಂಡು ನಿಲ್ಲಬೇಕು. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡವೆಂದು. ಬೋರ್ ಕೊರೆಸಲು ಕೇಳುತ್ತಾರೆ, ಹೆಣ್ಣು ಕೊಡಲು ಕೇಳುತ್ತಾರೆ. ಪುಸ್ತಕಕ್ಕೆ ಕೇಳಿದವರು ನಾವೇ ಇರಬೇಕು.

ಶನಿವಾರ ಹೋದೆವು. ಕಣ್ಣು ಮುಚ್ಚಿ ಕೇಳಿದೆ. ಬಲಗಡೆಯ ಹೂ ಟಪ್ಪನೆ ಬಿತ್ತು.

"ಪುರಾಣಕ್ಕ ಕೊಟ್ಟ ನೋಡ್ರಿ ಅತ್ತಿ," ಎಂದು ಸೊಸೆ ಕೈ ಮುಗಿದಳು.

"ಎಲ್ಲಿ ಪುರಾಣ? ನಾ ಕೇಳಿದ್ದು ಕೊಲಿ ಪುಸ್ತಕಕ್ಕ."

"ನಾನೂ ಕೇಳ್ಕೊಂಡೀನ್ರಿ, ಅತ್ತಿ ಪುರಾಣ ಓದ್ಲಿ ಅಂತ."

ಒಂದು ಹೂವಿಗೆ ಇಬ್ಬರು ವಾರಸುದಾರರು. ಹಿಂದೆ ಸಾಲು ಬೆಳೆಯಿತು. "ಯಾರರ ಒಬ್ರು ಕೇಳ್ರಿ, ಬಾಯಿಬಿಟ್ಟು ಕೇಳ್ರಿ. ದೇವ್ರಿಗೂ ತಲಿ ಕೆಡ್ತದ," ಎಂದು ಪೂಜಾರಿ ಮತ್ತೆ ಎರಡೂ ಕಡೆ ಹೂ ಅಂಟಿಸಿದ. ಅಷ್ಟು ಜನರೆದುರು ಮುದುಕಿ ನಾಚಿಕೊಳ್ಳುತ್ತಾಳೆಂದು ಸೊಸೆ, "ನೀವಾ ಕೇಳ್ರಿ," ಎಂದು ಬಿಟ್ಟುಕೊಟ್ಟಳು.

"ಹನುಮಪ್ಪಾ, ಈ ಬ್ಯಾಸಿಗ್ಯಾಗ ಕೊಲಿ ಪುಸ್ತಕ ಓದ್ಲೇನು?" ಎಂದು ಇಡೀ ಸಾಲಿಗೆ ಕೇಳುವಂತೆ ಕೇಳಿದೆ. ಹಿಂದಿನವರು ನಕ್ಕರು.

ಎಡಗಡೆಯ ಹೂ ಬಿತ್ತು.

ಸೊಸೆ ದಾರಿಯುದ್ದಕ್ಕೂ ನನ್ನ ಕೈ ಹಿಡಿದು ಮೆಲ್ಲಗೆ ನಡೆಸಿಕೊಂಡು ಬಂದಳು. ಗೆದ್ದವರಿಗೆ ಆ ಮರ್ಯಾದೆ ಬೇಗ ಬರುತ್ತದೆ. ಮನೆಗೆ ಬಂದು ಪುರಾಣವನ್ನು ನನ್ನ ದಿಂಬಿನ ಪಕ್ಕ ಇಟ್ಟಳು. "ದೇವ್ರ ಮಾತು ಮೀರಬಾರ್ದು ನೋಡ್ರಿ."

"ನನ್ನ ಲಗ್ನಕ್ಕೂ ಇದೇ ಹನುಮಪ್ಪನ್ನ ಕೇಳಿದ್ರವ್ವ," ಎಂದೆ. "ಬಲಗಡೆ ಹೂ ಕೊಟ್ಟಿದ್ದ. ನಿಮ್ಮ ಮಾವ ಎಂಥಾವ ಅಂತ, ಅವ ಸಾಯೋತನಕ ನೀನೂ ಎರಡು ವರ್ಷ ನೋಡೀದಿ."

ಮಗ ತನ್ನ ತೆಳ್ಳನೆಯ ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡ. ಆ ಬೇಸಿಗೆಯಲ್ಲಿ ಅವನು ಅದನ್ನು ತೆರೆದದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ಬೆಳಕು ಬೀಳುವ ಕಡೆ ಹೊಸ್ತಿಲ ಪಕ್ಕ ಕೂತು, ಕೊಲೆ ಪುಸ್ತಕದ ಮೊದಲನೇ ಪುಟ ತೆರೆದು ಗಟ್ಟಿಯಾಗಿ ಓದಲು ಶುರು ಮಾಡಿದೆ.