ಸೋರದ ಪಂಪು

ಧನಕವಡಿಯ ನಮ್ಮ ಶೆಡ್ಡಿನಲ್ಲಿ ಲೋಹ ಕಡೆಯುವ ಎರಡು ಲೇಥು ಇದ್ದವು. ಯಂತ್ರ ಅಣ್ಣನದು, ಕಾಗದಪತ್ರ ನನ್ನದು. ಕುರಕುಂಭದ ಕೆಮಿಕಲ್ ಫ್ಯಾಕ್ಟರಿಗಳಿಗೆ ಪಂಪಿನ ಬಿಡಿಭಾಗ ಮಾಡಿಕೊಡುತ್ತಿದ್ದೆವು. ಅಲ್ಲಿನ ಪಂಪುಗಳಲ್ಲಿ ಶಾಫ್ಟ್ ತಿರುಗುವ ಜಾಗದಿಂದ ಆಸಿಡ್ ಸೋರುತ್ತಿತ್ತು. ಅದನ್ನು ತಡೆಯುವ ಸೀಲಿನ ಚಿತ್ರವನ್ನು ಅಣ್ಣ ಎಂದೋ ಬರೆದಿಟ್ಟಿದ್ದ. ಬೇಕಾದ ಉಕ್ಕು ಮಾತ್ರ ಹೊರದೇಶದಿಂದ ಬರಬೇಕಿತ್ತು. ಆಮದು ಪರವಾನಗಿಗೆಂದು ನಾಲ್ಕು ವರ್ಷ ಮುಂಬಯಿಗೆ ಓಡಾಡಿದೆ. ಪ್ರತಿಸಲವೂ ಯಾವುದೋ ಒಂದು ಕಾಗದ ಕಡಿಮೆ ಬೀಳುತ್ತಿತ್ತು.

ತೊಂಬತ್ತರ ದಶಕದ ಮೊದಲಿಗೆ ಆ ಪದ್ಧತಿ ಹೋಯಿತು. ಉಕ್ಕು ಊರೊಳಗಿನ ಭವಾನಿ ಪೇಠೆಯಲ್ಲೇ ಸಿಕ್ಕಿತು. ಅಣ್ಣ ಸೀಲು ಮಾಡಿದ. ಇಬ್ಬರೂ ಒಂದು ಫ್ಯಾಕ್ಟರಿಯ ಖರೀದಿ ಅಧಿಕಾರಿಗೆ ಅದನ್ನು ತೋರಿಸಿದೆವು.

"ಮೊದಲು ಎಲ್ಲಿ ಹಾಕಿದ್ದೀರಿ?" ಎಂದು ಅವರು ಮರಾಠಿಯಲ್ಲಿ ಕೇಳಿದರು. ಎಲ್ಲೂ ಇಲ್ಲ ಎಂದೆವು.

"ಯಾರಾದರೂ ಹಾಕಲಿ, ಆಮೇಲೆ ಬನ್ನಿ."

ಹೋದಲ್ಲೆಲ್ಲ ಇದೇ ಮಾತು. ಕೊನೆಗೆ ಒಂದು ಫ್ಯಾಕ್ಟರಿಯ ಫೋರ್ಮನ್, ಬಾಗಲಕೋಟೆ ಕಡೆಯವರು, ನಮ್ಮ ಕನ್ನಡ ಕೇಳಿ ಹತ್ತಿರ ಕರೆದರು. "ಯಾರಿಗೂ ಹೇಳಬ್ಯಾಡ್ರಿ. ಒಂದು ಪಂಪಿಗೆ ನಾನ ಹಾಕಿ ನೋಡ್ತೀನಿ," ಎಂದರು.

ಹನ್ನೊಂದು ತಿಂಗಳು ಒಂದು ಹನಿಯೂ ಸೋರಲಿಲ್ಲ. ಆ ಧೈರ್ಯದ ಮೇಲೆ ಅವರು ಮೇಲಿನವರಿಗೆ ಬರೆದು ತಿಳಿಸಿದರು. ಅಷ್ಟರಲ್ಲಿ ಫ್ಯಾಕ್ಟರಿ ವಿದೇಶಿ ಕಂಪನಿಯೊಂದರ ಜೊತೆ ಸೇರಿತ್ತು. ಆ ಕಂಪನಿಯ ಪಟ್ಟಿಯಲ್ಲಿಲ್ಲದ ಯಾವ ಭಾಗವೂ ಇರಕೂಡದು ಎಂದು ಆದೇಶ ಬಂತು. ನಮ್ಮ ಸೀಲನ್ನು ಬಿಚ್ಚಿಸಿ, ಪಟ್ಟಿಯ ಸೀಲು ಬರುವತನಕ ಇರಲಿ ಎಂದು ಹಳೆಯದನ್ನೇ ಹಾಕಿಸಿದರು. ಎರಡೇ ವಾರದಲ್ಲಿ ಅದು ಒಡೆದು, ಪಂಪಿನ ಹತ್ತಿರವೇ ನಿಂತಿದ್ದ ಫೋರ್ಮನ್ನರ ಮುಖಕ್ಕೆ ಆಸಿಡ್ ಸಿಡಿಯಿತು. ಎಡಗಣ್ಣು ಹೋಯಿತು.

ಆಸ್ಪತ್ರೆಯಲ್ಲಿ ಅಣ್ಣ ಮಂಚದ ಪಕ್ಕ ತಲೆ ತಗ್ಗಿಸಿ ಕೂತಿದ್ದ. ಫೋರ್ಮನ್ನರೇ ಮಾತಾಡಿದರು: "ನಿಮ್ಮ ಸೀಲು ಭಾಳ ಚಲೋ ಇತ್ರಿ. ನಾ ಬರದು ಕೊಡ್ತೀನಿ, ಎಲ್ಲಿ ಬೇಕಾದ್ರೂ ತೋರಸ್ರಿ."

ಬ್ಯಾಂಡೇಜು ಕಟ್ಟಿಕೊಂಡೇ ಸೊಟ್ಟ ಅಕ್ಷರಗಳಲ್ಲಿ ಬರೆದುಕೊಟ್ಟರು. ಕಂಪನಿಯ ಮುದ್ರೆಯಿಲ್ಲದ ಆ ಕಾಗದವನ್ನು ಯಾರೂ ಒಪ್ಪಲಿಲ್ಲ.

ಎರಡು ಸಾವಿರ ಇಸವಿಯ ಹೊತ್ತಿಗೆ ಅಣ್ಣ ಕಿಟಕಿಯ ಗ್ರಿಲ್ ಮಾಡುತ್ತಿದ್ದ. ಸುತ್ತ ಹೊಸ ಕಟ್ಟಡಗಳು ಏಳುತ್ತಿದ್ದವು, ಕೆಲಸಕ್ಕೆ ಬರವಿರಲಿಲ್ಲ. ಹೊಸದನ್ನು ಕಂಡುಹಿಡಿದವರಿಗೆ ಸರ್ಕಾರದ ನೆರವಿದೆ ಎಂದು ಓದಿ ನಾನು ಅರ್ಜಿ ತುಂಬಿ ಅವನ ಮುಂದಿಟ್ಟೆ.

"ಬ್ಯಾಡ," ಎಂದ. "ಮೊದಲ ಆ ಪಂಪು ಸೋರತದ ಅಂತ ಫೋರ್ಮನ್ನರು ದೂರ ನಿಲ್ತಿದ್ರು. ಹತ್ರ ನಿಲ್ಲೋ ರೂಢಿ ಹಚ್ಚಿದಾಂವ ನಾನ."

ಅವನು ವೆಲ್ಡಿಂಗ್ ಕನ್ನಡಕ ಹಾಕಿಕೊಂಡು ಗ್ರಿಲ್ ಕಡೆ ತಿರುಗಿದ. ನಾನು ಅರ್ಜಿಯನ್ನು ಹರಿದುಹಾಕಿದೆ.