ಉಚ್ಚಂಗೆವ್ವ ಹೇಳದೆ ಬಿಟ್ಟ ಮಾತು

ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿನ ಮುಂದೆ ಟ್ರ್ಯಾಕ್ಟರ್ ಬಂದು ನಿಂತರೆ ಉಚ್ಚಂಗೆವ್ವನ ಕೈ ನಿಂತುಬಿಡುತ್ತದೆ. ಕಾಯಿಯ ತೊಟ್ಟು ಮುರಿಯುವ ಈ ಕೆಲಸಕ್ಕೆ ಇಲ್ಲಿ ತುಂಬು ಬಿಡಿಸುವುದು ಎನ್ನುತ್ತಾರೆ. ಸುತ್ತ ಕುಳಿತ ಹೆಂಗಸರ ಬೆರಳುಗಳು ಓಡುತ್ತಲೇ ಇರುತ್ತವೆ. ಅವಳೊಬ್ಬಳ ಕೈಯಲ್ಲಿ ಮಾತ್ರ ಕಾಯಿ ಹಿಡಿದಂತೆಯೇ ಉಳಿಯುತ್ತದೆ. ಇಂಜಿನ್ ಬಂದ್ ಆಗಿ, ಹಮಾಲರು ಏನಾದರೂ ಕೂಗಿ, ಇಳಿಯುತ್ತಿರುವುದು ಚೀಲಗಳೇ ಎಂದು ಖಾತ್ರಿಯಾದ ಮೇಲೆ ಬೆರಳು ಮತ್ತೆ ಆಡುತ್ತವೆ.

"ಉಚ್ಚಂಗಕ್ಕ ಟ್ರ್ಯಾಕ್ಟರಿಗೆ ಸಲಾಂ ಹೊಡಿಯಾಕತ್ತಾಳ ನೋಡ್ರಿ" ಎಂದು ಪಕ್ಕದಲ್ಲಿ ಕೂರುವ ಮಹಮೂದಾಬೇಗಂ ನಗಿಸುತ್ತಾಳೆ. ಉಚ್ಚಂಗೆವ್ವನೂ ನಗುತ್ತಾಳೆ. ಕಾರಣ ಮಾತ್ರ ಹೇಳಿರಲಿಲ್ಲ.

ಅವಳ ಇನ್ನೊಂದು ರೂಢಿ ದೇವರಗುಡ್ಡದವರಿಗೆ ಗೊತ್ತಿತ್ತು. ಬಿಡುವಾದ ಭಾನುವಾರ ರಾಣೆಬೆನ್ನೂರಿಗೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ, ಗುಡ್ಡ ಹತ್ತುತ್ತಿದ್ದಳು. ಗುಡ್ಡದ ದೇವರು ಮಾಲತೇಶನ ಎದುರು ನಿಂತವರು ಮಗಳ ಮದುವೆ, ಸೊಸೆಯ ಬಸುರು, ಬೋರಿನ ನೀರು ಎಂದು ಬೇಡಿಕೊಳ್ಳುವಾಗ ಇವಳು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕೈಮುಗಿದು, ಭಂಡಾರದ ಅರಿಸಿನ ಹಚ್ಚಿಕೊಂಡು ಇಳಿದುಬಿಡುತ್ತಿದ್ದಳು. ಮೆಟ್ಟಿಲ ಬಳಿ ಕಂಬಳಿ ಹೊದ್ದು ಕೂರುವ ಗೊರವಪ್ಪ ಕೊಟ್ರಪ್ಪಜ್ಜ ಒಮ್ಮೆ ಕೇಳಿಯೇ ಬಿಟ್ಟ.

"ಏನವ್ವಾ, ದೇವರ ಮುಂದನೂ ಸೆರಗು ಬಾಯಾಗ? ಒಳಗ ಏನ್ ಬಚ್ಚಿಟ್ಟಿ?"

"ಬೆಂಕಿ ಐತಿ ಅಜ್ಜಾ."

"ಹಂಗಾರ ಮುಚ್ಕೊಂಡ ಇರವಾ. ನನ್ನ ಕಂಬಳಿ ಹಳೇದೈತಿ."

ಉಚ್ಚಂಗೆವ್ವ ಮದುವೆಯಾಗಿ ಸೇರಿದ್ದು ತುಂಗಭದ್ರೆಯ ದಂಡೆಯ ಐರಣಿಗೆ. ಗಂಡ ತಿರಕಪ್ಪನಿಗೆ ಹೊಳೆಯ ನೀರೆತ್ತುವ ಒಂದು ಮೋಟಾರು ಇತ್ತು. ಒಂದು ಮಳೆಗಾಲದಲ್ಲಿ ಮೇಲಿನಿಂದ ನೀರು ಬಿಟ್ಟಿದ್ದಾರೆಂದು ಡಂಗುರ ಹೊಡೆದಾಗ ಅದನ್ನು ಬಿಚ್ಚಿ ತರಲು ದಂಡೆಗೆ ಇಳಿದ. ಮೋಟಾರು ಮೇಲೆ ಬಂತು, ಅವನು ಬರಲಿಲ್ಲ. ತೆಪ್ಪದವರು ಹುಡುಕಿದರು, ಅಗ್ನಿಶಾಮಕದವರು ಹುಡುಕಿ ಹಗ್ಗ ಸುತ್ತಿಕೊಂಡು ಹೊರಟರು. ಮಗಳು ಮೀನಾಕ್ಷಿ ಆಗ ಅಂಗನವಾಡಿಗೆ ಹೋಗುವ ಕೂಸು. ಅವಳನ್ನು ನೆರೆಯ ಮಂಗಳವ್ವನ ಕೈಗೆ ಕೊಟ್ಟು ಉಚ್ಚಂಗೆವ್ವ ದೇವರಗುಡ್ಡಕ್ಕೆ ಹೋದಳು. ಗರ್ಭಗುಡಿಯ ಎದುರು ಕೈಮುಗಿಯಲೂ ಇಲ್ಲ. ಇದ್ದವರೆಲ್ಲ ಕೇಳುವಂತೆ ಹೇಳಿದಳು: "ನನ್ನ ಗಂಡನ್ನ ನನಗ ಕೊಡು. ಮತ್ತೇನೂ ಬ್ಯಾಡ. ಇವತ್ತ ನನ್ನ ಮನಿ ಬಾಗಲಿಗೆ ತಂದು ಕೊಡು."

ಅಂದೇ ಸಂಜೆ ಮನೆಯ ಬಾಗಿಲಿಗೆ ಟ್ರ್ಯಾಕ್ಟರ್ ಬಂದು ನಿಂತಿತು. ಹೊಳೆಯ ಕೆಳದಂಡೆಯ ಜಾಲಿಕಂಟಿಯಲ್ಲಿ ಸಿಕ್ಕಿದ್ದ ತಿರಕಪ್ಪನನ್ನು ಟ್ರೇಲರಿನಲ್ಲಿ ಮಲಗಿಸಿ ತಂದಿದ್ದರು.

ಮಣ್ಣು ಮಾಡಿ ಬಂದ ಮೇಲೆ ಊರು ಮಾತಾಡಿಕೊಂಡಿದ್ದು ತಿರಕಪ್ಪನ ವಿಷಯವಲ್ಲ. "ಹೊಳಿ ನುಂಗಿದ್ದನ್ನ ಯಾರರ ವಾಪಸ್ ಕೊಡ್ತಾರೇನು? ಇಕಿ ಬಾಯಿಗೆ ದೇವರು ಹೆದರ್ಯಾನ." ಕಳೆದ ಎಮ್ಮೆ, ಕೂಡದ ಮದುವೆ ಎಂದು ಹೆಂಗಸರು ಅವಳ ಕಟ್ಟೆಗೆ ಬರತೊಡಗಿದರು. ಒಂದು ದಿನ ಮಂಗಳವ್ವ ನಗುತ್ತ, "ನಮ್ಮತ್ತಿ ಬಾಯಿ ಬಂದ್ ಮಾಡು ಅಂತ ಗುಡ್ಡದಾಗಿನ ನಿಮ್ಮಪ್ಪಗ ಒಂದ್ ಮಾತ ಹೇಳ ನಮ್ಮವ್ವಾ" ಎಂದಳು. ಉಚ್ಚಂಗೆವ್ವನೂ ನಗುತ್ತಲೇ ಗುಡ್ಡದ ದಿಕ್ಕಿಗೆ ತಿರುಗಿ ಹಾಗೇ ಹೇಳಿದಳು. ಸೀಗಿ ಹುಣ್ಣಿವೆ ಬರುವುದರೊಳಗೆ ಆ ಮುದುಕಿಗೆ ಲಕ್ವಾ ಹೊಡೆಯಿತು. ಕೈಕಾಲು ಉಳಿದವು, ಮಾತು ಹೋಯಿತು. ಮಂಗಳವ್ವ ನಂತರ ಇವಳ ಕಟ್ಟೆಯ ಕಡೆ ಬರಲಿಲ್ಲ. ಮುದುಕಿ ಮಾತ್ರ ಹೊರಸಿನ ಮೇಲೆ ಕೂತು, ಉಚ್ಚಂಗೆವ್ವ ನೀರಿಗೆ ಹೋಗುವಾಗ ಬರುವಾಗ ಬಾಯಿ ತೆರೆದು ನೋಡುತ್ತಿದ್ದಳು.

ಮಗಳನ್ನು ಕಟ್ಟಿಕೊಂಡು ಉಚ್ಚಂಗೆವ್ವ ಬ್ಯಾಡಗಿಗೆ ಬಂದಳು. ಅಂದಿನಿಂದ ದೇವರ ಎದುರು ಸೆರಗು ಬಾಯಲ್ಲಿ.

ಹಾಗೆ ವರ್ಷಗಳು ಹೋದವು. ಮೀನಾಕ್ಷಿ ಬೆಳೆದಳು, ಅಗಡಿಯ ಫಕ್ಕೀರೇಶನನ್ನು ಮದುವೆಯಾದಳು. ಅವನು ಹಾವೇರಿಯಲ್ಲಿ ಗೂಡ್ಸ್ ಗಾಡಿ ಓಡಿಸುತ್ತಾನೆ. ಕಳೆದ ಸುಗ್ಗಿಯಲ್ಲಿ, ಗೋದಾಮಿನ ಕೆಂಪು ರಾಶಿಯ ನಡುವೆ ಕುಳಿತಿದ್ದಾಗ ಅವನ ಫೋನ್ ಬಂತು. ಎಂಟನೇ ತಿಂಗಳ ಬಸುರಿಗೆ ರಕ್ತ ಹೋಗುತ್ತಿತ್ತು. "ಮಾಸು ಕೆಳಗ ಐತಂತ್ರಿ ಅತ್ತಿ. ಆಪರೇಶನ್ ಅಂತಾರ. ಲಗೂ ಬರ್ರಿ."

ಮಹಮೂದಾಬೇಗಂ ಕೇಳದೆಯೇ ಜೊತೆಗೆ ಹೊರಟಳು. ಹಾವೇರಿ ಬಸ್ಸಿನಲ್ಲಿ ಉಚ್ಚಂಗೆವ್ವನ ತುಟಿ ಒಂದೇ ಸಮನೆ ಅಲುಗುತ್ತಿತ್ತು.

"ಏನ್ ಗುಣುಗುಣು ಅನ್ನಾಕತ್ತಿ ಯಕ್ಕಾ?"

"ಕೇಳೂ ಮಾತ ಜೋಡ್ಸಾಕತ್ತೇನಿ. ತಾಯಿ ಉಸಿರಾಡಬೇಕು, ಕೂಸೂ ಉಸಿರಾಡಬೇಕು. ಕಣ್ಣು ಕಾಣಬೇಕು, ಕಿವಿ ಕೇಳಬೇಕು, ಮಾತು ಬರಬೇಕು. ಬುದ್ಧಿ ನೆಟ್ಟಗ ಇರಬೇಕು. ಮತ್ತೇನ ಬಿಟ್ಟೆ ಹೇಳ?"

"ದೇವರ ಕಡಿಂದ ಬಾಂಡ್ ಪೇಪರ್ ಬರಸ್ಕೊಳ್ಳಾಕತ್ತೀಯೇನ ಮತ್ತ? ನಾ ಅಲ್ಲಾಗ ಅರ್ಧಾ ಮಾತು ಹೇಳಿರತೇನಿ, ಉಳದದ್ದು ಅಂವಗ ತಿಳೀತದ."

"ನಮ್ಮಾತಗ ತಿಳೀಲಿಲ್ಲಲ್ಲ ಬೇಗಂ."

ಮೋಟೆಬೆನ್ನೂರು ದಾಟುವಷ್ಟರಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದಳು: ಹೊಳೆ, ಟ್ರ್ಯಾಕ್ಟರ್, ಮುದುಕಿಯ ಬಾಯಿ. "ಜೀವಂತ ಅನ್ನೂದೊಂದ ಮಾತು ಬಿಟ್ಟಿದ್ದೆ. ಒಂದ ಮಾತು" ಎಂದಳು. ಮಹಮೂದಾಬೇಗಂ ಅವಳ ಕಡೆ ತಿರುಗಿ ಕೂತಳು. ಸಲಾಮಿನ ಚೇಷ್ಟೆ ಅವಳಿಗೆ ನೆನಪಾಗಿರಬೇಕು.

"ಇಷ್ಟ ವರ್ಷ ಇದನ್ನ ನೀ ಅಂವಗ ಕೇಳೇ ಇಲ್ಲೇನು?"

"ಏನಂತ ಕೇಳ್ಲಿ?"

"ಯಾಕ ಹಂಗ ಮಾಡಿದಿ ಅಂತ. ಅದನ್ನ ಹೊಟ್ಯಾಗ ಇಟ್ಕೊಂಡು ಇದನ್ನೆಂಗ ಕೇಳ್ತಿ?"

ದವಾಖಾನೆಯಲ್ಲಿ ಮೀನಾಕ್ಷಿಯನ್ನು ಆಗಲೇ ಸ್ಟ್ರೆಚರಿಗೆ ಹಾಕಿದ್ದರು. ಮುಖ ಸುಣ್ಣದಂತಿತ್ತು. "ಈಗ ಏನೂ ಹೇಳಾಕ ಬರೂದಿಲ್ರಿ" ಎಂದು ಡಾಕ್ಟರಮ್ಮ ಒಳಗೆ ಹೋದರು. ಮೀನಾಕ್ಷಿ ತಾಯಿಯ ಸೆರಗು ಹಿಡಿದಳು. "ಯವ್ವಾ, ಆತಗ ಹೇಳು. ನೀ ಹೇಳಿದ್ರ ಕೊಡ್ತಾನ. ಊರೆಲ್ಲಾ ಅಂತಿದ್ರಲ್ಲ."

ಬಾಗಿಲು ಮುಚ್ಚಿತು. ಉಚ್ಚಂಗೆವ್ವ ಗೋಡೆಗೆ ಆನಿಕೊಂಡು ನಿಂತಳು. ಬೆರಳ ಸಂದಿನಲ್ಲಿ ಮೆಣಸಿನ ಕೆಂಪು ಇನ್ನೂ ಇತ್ತು. ಬಸ್ಸಿನಲ್ಲಿ ಜೋಡಿಸಿದ ಮಾತುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ಬಂದದ್ದು ಬೇರೆ.

"ಮಾಲತೇಶಾ, ಇದ್ದೀಯೇನು? ಅವತ್ತ ಗಂಡನ್ನ ಕೊಡು ಅಂದೆ, ನೀ ಹೆಣಾ ಕೊಟ್ಟಿ. ಜೀವಂತ ಅಂತ ನಾ ಬಿಡಿಸಿ ಹೇಳಬೇಕಿತ್ತೇನು? ನಿನ್ನ ಹೊಸ್ತಿಲಕ್ಕ ಯಾರರ ಹೆಣಾ ಬೇಡಾಕ ಬರ್ತಾರೇನು? ತಿಳೀಲಿಲ್ಲೋ, ತಿಳದೂ ಹಂಗ ಮಾಡಿದ್ಯೋ?"

ಕಾರಿಡಾರಿನುದ್ದಕ್ಕೂ ಕುಳಿತಿದ್ದವರು ತಿರುಗಿ ನೋಡಿದರು. ನರ್ಸೊಬ್ಬಳು ಬಂದಳು. "ಯವ್ವಾ, ಫೋನ್‌ನಾಗ ಜಗಳ ಹೊರಗ ಹೋಗಿ ಆಡ್ರಿ."

"ಫೋನ್ ಅಲ್ರೀ ಸಿಸ್ಟರ್" ಎಂದು ಮಹಮೂದಾಬೇಗಂ ಅಡ್ಡ ಬಂದಳು.

"ಮತ್ತ ಯಾರ ಜೋಡಿ?"

"ಅವರ ಮನೀ ಹಿರಿಯಾರ ಜೋಡಿ. ಇವತ್ತೊಂದಿನ ಆಡ್ಲಿ ಬಿಡ್ರಿ."

ಉಚ್ಚಂಗೆವ್ವನ ದನಿ ತಗ್ಗಿತು. ನಿಲ್ಲಲಿಲ್ಲ. "ನಿನ್ನ ಮ್ಯಾಲ ಸಿಟ್ಟೈತಿ. ಬಚ್ಚಿಟ್ಟು ಕೈಮುಗಿದೆ, ಅದು ನಂದು ಸುಳ್ಳು. ಇವತ್ತ ಸಿಟ್ಟು ತಗೊಂಡೇ ಬಂದೇನಿ. ಆದ್ರ ನಿನ್ನ ಬಿಟ್ಟು ಯಾರನ್ನ ಕೇಳ್ಲಿ? ನನ್ನ ಮಗಳು ಒಳಗ ಅದಾಳ. ಆಕಿನ್ನ, ಆಕಿ ಕೂಸಿನ್ನ..."

ಅಲ್ಲಿಗೆ ತಡೆದಳು. ಕೊಡು ಎಂಬ ಮಾತು ತುಟಿಯವರೆಗೆ ಬಂದಿತ್ತು. ಅದನ್ನು ಹೇಳಲಿಲ್ಲ.

"ಮುಗಸೂದಿಲ್ಲ. ಮುಗಿಸಿದ್ರ ನೀ ಮಾತ ಹಿಡ್ಕೊಂಡು ಬಿಡ್ತಿ. ಇನ್ನೂ ಹೇಳೂದೈತಿ ನಂದು. ಕೇಳ್ಕೊಂತ ಕುಂದ್ರು."

ಕೂಸು ಹುಟ್ಟಿದಾಗ ಅಳಲಿಲ್ಲ. ಒಳಗೆ ಏನೇನೋ ಓಡಾಟ ಕೇಳಿಸಿತು. ಆಮೇಲೆ ಬೆಕ್ಕಿನ ಮರಿಯಂಥ ಒಂದು ಸಣ್ಣ ದನಿ. ಹೆಣ್ಣು. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಮೀನಾಕ್ಷಿಗೆ ಕತ್ತಲಾಗುವ ಹೊತ್ತಿಗೆ ಎಚ್ಚರವಾಯಿತು.

ಈಗ ಬಾಣಂತನ ಬ್ಯಾಡಗಿಯಲ್ಲಿ, ಉಚ್ಚಂಗೆವ್ವನ ಮನೆಯಲ್ಲಿ ನಡೆದಿದೆ. ಭಾನುವಾರ ಗುಡ್ಡಕ್ಕೆ ಹೋದರೆ ಸೆರಗು ಹೆಗಲ ಮೇಲೇ ಇರುತ್ತದೆ. ಗರ್ಭಗುಡಿಯ ಎದುರು ನಿಂತು ಬೈಯುತ್ತಾಳೆ, ಕೂಸಿನ ಸುದ್ದಿ ಹೇಳುತ್ತಾಳೆ, ತಿರಕಪ್ಪನದನ್ನು ಮತ್ತೆ ಕೇಳುತ್ತಾಳೆ. ಅದಕ್ಕೆ ಉತ್ತರ ಬಂದಿಲ್ಲ. ಹಿಂದೆ ನಿಂತವರು "ಲಗೂ ಮುಗಸಬೇ, ನಮ್ದೂ ಐತಿ" ಎಂದು ಗೊಣಗುತ್ತಾರೆ. "ಬೆಂಕಿ ಹೊರಗ ಬಂತೇನವ್ವಾ?" ಎಂದು ಕೊಟ್ರಪ್ಪಜ್ಜ ಕಂಬಳಿ ಎಳೆದುಕೊಳ್ಳುತ್ತಾನೆ.

ಮೊನ್ನೆ ಮಧ್ಯಾಹ್ನ ಕೂಸು ತೊಟ್ಟಿಲಲ್ಲಿ ಮಲಗಿತ್ತು, ಮೀನಾಕ್ಷಿಗೂ ಜೋಂಪು ಹತ್ತಿತ್ತು. ಮನೆಯ ಬಾಗಿಲ ಎದುರು ಟ್ರ್ಯಾಕ್ಟರ್ ಬಂದು ನಿಂತಿತು. ತೊಟ್ಟಿಲು ತೂಗುತ್ತಿದ್ದ ಕೈ ನಿಂತಿತು. ಇಂಜಿನ್ ಬಂದ್ ಆಗಲಿಲ್ಲ, ಯಾರೂ ಕೂಗಲಿಲ್ಲ. ಉಚ್ಚಂಗೆವ್ವ ಬಗ್ಗಿ ಕೂಸಿನ ಮೂಗಿನ ಕೆಳಗೆ ಬೆರಳಿಟ್ಟಳು. ಬಿಸಿ ಉಸಿರು ತಾಗಿತು. ಬೆರಳು ತೆಗೆಯದೆ ಗುಡ್ಡದ ದಿಕ್ಕಿಗೆ ಮುಖ ಮಾಡಿದಳು.

"ನಂದಿನ್ನೂ ಮುಗದಿಲ್ಲ" ಎಂದಳು. "ಹೇಳಾಕತ್ತೇನಿ."